ಬೂ ಎಂದವರ ಪರ ಒಂದು ವಕಾಲತ್ತು

2008ರ ನವೆಂಬರ್ 4. ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರ. ಅಲ್ಲಿನ ಬಿಲ್ಟ್‌ಮೋರ್ ಹೋಟೆಲಿನ ಹುಲ್ಲುಹಾಸು. ರಾತ್ರಿ ಒಂಬತ್ತು ದಾಟಿದೆ. ನಮ್ಮ ಬೆಂಗಳೂರಿನಲ್ಲಿ ಆಗ ಮಾರನೇ ದಿನ ಬೆಳಗ್ಗೆ ಹತ್ತರ ಹತ್ತಿರ, ಎರಡನೇ ಕಾಫಿಯ ಹೊತ್ತು. ಜಾನ್ ಮೆಕೇನ್ ವೇದಿಕೆಗೆ ಬಂದರು. ಅಧ್ಯಕ್ಷ ಚುನಾವಣೆಯಲ್ಲಿ ಸೋತಿದ್ದರು. ಸೋಲೂ ಸಣ್ಣದಲ್ಲ, ರಾಜ್ಯವಾರು ಸಿಗುವ ಎಲೆಕ್ಟೋರಲ್ ಮತಗಳ ಕೊನೆಯ ಲೆಕ್ಕದಲ್ಲಿ ಎದುರಾಳಿಗೆ 365, ಇವರಿಗೆ 173. "ಸ್ವಲ್ಪ ಹೊತ್ತಿಗೆ ಮುಂಚೆ ಸೆನೆಟರ್ ಬರಾಕ್ ಒಬಾಮಾ ಅವರಿಗೆ ಫೋನ್ ಮಾಡಿ ಅಭಿನಂದನೆ ಹೇಳಿದೆ" ಎಂದರು.

ಹುಲ್ಲಿನ ಮೇಲೆ ನಿಂತಿದ್ದ ಅವರದೇ ಬೆಂಬಲಿಗರು ಸಿಟ್ಟಿನಿಂದ "ಬೂ" ಎಂದರು.

ಮೆಕೇನ್ ಎರಡೂ ಕೈ ಎತ್ತಿ, "ದಯವಿಟ್ಟು" ಎಂದರು. ಮಾತು ಮುಂದುವರಿಸಿದರು. ಒಬಾಮಾ ಅವರ ಅಜ್ಜಿ ಮೊನ್ನೆ ತಾನೇ ತೀರಿಕೊಂಡಿದ್ದಕ್ಕೆ ಮರುಗಿದರು. ಸೋಲಿನ ತಪ್ಪು ನನ್ನದು, ನಿಮ್ಮದಲ್ಲ ಎಂದರು. ಅಷ್ಟೇ ಆಯಿತು. ಟಿವಿಯಲ್ಲಿ ಕೂತ ಪಂಡಿತರೆಲ್ಲ ಕರವಸ್ತ್ರ ಹುಡುಕತೊಡಗಿದರು. ಎಂಥ ದೊಡ್ಡತನ! ಎಂಥ ಸಜ್ಜನಿಕೆ! ಮತ್ತೆ ಆ ಬೂ ಎಂದವರು? ಛೇ, ಅಸಂಸ್ಕೃತ ಜನ. ಅಂಥ ಭಾಷಣದ ಮಧ್ಯೆ ಹಾಗಾ ಕೂಗುವುದು?

ಅಂದಿನಿಂದ ನನಗೆ ಆ ಬೂ ಎಂದವರ ಮೇಲೆ ಒಂದು ಕನಿಕರ. ಅವರ ಪರ ವಾದಿಸಲು ಯಾರೂ ಮುಂದೆ ಬಂದಿಲ್ಲ. ಫೀಸು ಯಾರು ಕೊಡುತ್ತಾರೆ ಎಂಬ ಪ್ರಶ್ನೆಯೂ ಇದೆ. ಹಾಗಾಗಿ ಇವತ್ತು ನಾನೇ ಕರಿಕೋಟು ಹಾಕಿಕೊಂಡಿದ್ದೇನೆ.

ನನ್ನ ಕಕ್ಷಿದಾರರ ಕಥೆ ಆ ರಾತ್ರಿ ಶುರುವಾಗಿದ್ದಲ್ಲ. ಒಂದು ತಿಂಗಳು ಹಿಂದೆ ಹೋಗೋಣ. ಅಕ್ಟೋಬರ್ 6, ಆಲ್ಬುಕರ್ಕಿ ಊರು. ಇದೇ ಮೆಕೇನ್ ಮೈಕಿನ ಮುಂದೆ ನಿಂತು, "ನಿಜವಾದ ಬರಾಕ್ ಒಬಾಮಾ ಯಾರು?" ಎಂದು ಕೇಳಿದರು. ಪ್ರಶ್ನೆ ಕೇಳಿದ ಮೇಲೆ ಉತ್ತರ ಬರಲೇಬೇಕಲ್ಲ. ಗುಂಪಿನಿಂದ ಒಬ್ಬ "ಭಯೋತ್ಪಾದಕ!" ಎಂದು ಕೂಗಿದ. ಅವನು ಈ ಉತ್ತರವನ್ನು ಮನೆಯಿಂದ ತಂದಿರಲಿಲ್ಲ. ಅದೇ ದಿನಗಳಲ್ಲಿ ಮೆಕೇನ್ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಸಾರಾ ಪೇಲಿನ್, ಒಬಾಮಾ ಭಯೋತ್ಪಾದಕರ ಜೊತೆ ಓಡಾಡುವವರು ಎಂದು ಊರೂರಲ್ಲಿ ಹೇಳುತ್ತಿದ್ದರು. ಪಾಠ ಮಾಡಿದ್ದು ಮೇಷ್ಟ್ರು. ಹುಡುಗ ಸರಿಯಾಗಿ ಒಪ್ಪಿಸಿದ, ಅಷ್ಟೇ.

ನಾಲ್ಕು ದಿನ ಕಳೆಯಿತು. ಮಿನೆಸೋಟದ ಲೇಕ್‌ವಿಲ್‌ನಲ್ಲಿ ಸಭೆ. ಒಬ್ಬರು ಎದ್ದು, ಒಬಾಮಾ ಅಧ್ಯಕ್ಷರಾದರೆ ಹೇಗೋ ಎಂದು ಭಯವಾಗುತ್ತಿದೆ ಎಂದರು. ಮೆಕೇನ್‌ಗೆ ಏನನ್ನಿಸಿತೋ, ಅವರು ಒಳ್ಳೆಯ ಮನುಷ್ಯ, ಹೆದರಬೇಕಾಗಿಲ್ಲ ಎಂದುಬಿಟ್ಟರು. ಸ್ವಂತ ಸಭೆಯಲ್ಲೇ ಸ್ವಂತ ಜನರಿಂದ ಬೂ! ಆಮೇಲೆ ಒಬ್ಬ ಹೆಂಗಸು, ಒಬಾಮಾ ಅರಬ್ಬರವನು ಎಂದರು. ಮೆಕೇನ್ ಅವರ ಕೈಯಿಂದ ಮೈಕ್ ತೆಗೆದುಕೊಂಡು, ಇಲ್ಲಮ್ಮ, ಆತ ಸಂಸಾರಸ್ಥ, ಮರ್ಯಾದಸ್ಥ, ಈ ದೇಶದ ಪ್ರಜೆ ಎಂದರು. (ಅರಬ್ಬನಾಗಿದ್ದರೆ ಸಂಸಾರಸ್ಥ ಆಗಬಾರದು ಅಂತೇನಿಲ್ಲ. ಇರಲಿ, ಆ ಗಳಿಗೆಯಲ್ಲಿ ಅಷ್ಟು ಹೇಳಿದ್ದೇ ದೊಡ್ಡದು.)

ಈಗ ನನ್ನ ಕಕ್ಷಿದಾರರ ಜಾಗದಲ್ಲಿ ನಿಂತು ನೋಡಿ. ಸೋಮವಾರ "ಆತ ಯಾರು?" ಎಂದು ಕಣ್ಣರಳಿಸಿ ಹೆದರಿಸಿದವರು, ಶುಕ್ರವಾರ "ಹೆದರಬೇಡಿ" ಎನ್ನುತ್ತಾರೆ. ಆತ ಬಂದರೆ ದೇಶ ಮುಳುಗುತ್ತದೆ ಎಂದು ನವೆಂಬರ್ 3ರವರೆಗೆ ಹೇಳುತ್ತಾರೆ. 4ರ ರಾತ್ರಿ ಮುಳುಗಿಸುವವನಿಗೇ ಫೋನ್ ಮಾಡಿ ಶುಭ ಕೋರುತ್ತಾರೆ. ಮಗು ಚಿವುಟಿದ್ದೂ ಇವರೇ, ತೊಟ್ಟಿಲು ತೂಗಿದ್ದೂ ಇವರೇ. ಕೊನೆಗೆ ಮಗುವಿಗೆ ಅಳುವ ಚಾಳಿ ಜಾಸ್ತಿ ಅಂತ ಊರಿಗೆಲ್ಲ ದೂರು.

ಆ ಭಾಷಣದ ಕೊನೆಯ ಸಾಲುಗಳನ್ನು ಗಮನಿಸಿದ್ದೀರಾ? ಅಮೆರಿಕನ್ನರು ಎಂದೂ ಕೈಬಿಡುವುದಿಲ್ಲ, ನಾವು ಎಂದೂ ಶರಣಾಗುವುದಿಲ್ಲ ಎಂದರು ಮೆಕೇನ್. ಆಗಷ್ಟೇ ಶರಣಾದ ಭಾಷಣದಲ್ಲಿ! ಗುಂಪು ಚಪ್ಪಾಳೆ ಹೊಡೆಯಿತು. ಏನು ಮಾಡಬೇಕು ಎಂದು ಅವರಿಗೆ ಖಚಿತವಾಗಿ ತಿಳಿದದ್ದು ಇಡೀ ರಾತ್ರಿಯಲ್ಲಿ ಆಗ ಮಾತ್ರ ಎಂದು ನನ್ನ ಅನುಮಾನ.

ಹಿಂದೆ ಈ ತಾಪತ್ರಯ ಇರಲಿಲ್ಲ. 1896ರಲ್ಲಿ ವಿಲಿಯಂ ಜೆನ್ನಿಂಗ್ಸ್ ಬ್ರಯನ್ ಸೋತಾಗ, ಎರಡು ದಿನ ಬಿಟ್ಟು ಗೆದ್ದ ಮೆಕಿನ್ಲಿಗೆ ಒಂದು ತಂತಿ ಕಳಿಸಿದರು. ಸೋತವರು ಹೀಗೆ ಶುಭ ಕೋರುವ ಪದ್ಧತಿ ಅಲ್ಲಿಂದ ಶುರು ಎನ್ನುತ್ತಾರೆ. ತಂತಿಯಲ್ಲಿ ಒಂದು ಅನುಕೂಲ ಇತ್ತು. ಅದಕ್ಕೆ ಯಾರೂ ಬೂ ಅನ್ನಲು ಬರುವುದಿಲ್ಲ. ಪೋಸ್ಟ್ ಆಫೀಸಿನವನು ಮನಸ್ಸಿನಲ್ಲೇ ಅಂದುಕೊಂಡರೆ ಉಂಟು. 1952ರಲ್ಲಿ ಅಡ್ಲೈ ಸ್ಟೀವನ್ಸನ್ ಟಿವಿಯಲ್ಲಿ ಕಾಣಿಸಿಕೊಂಡು ಸೋಲು ಒಪ್ಪಿಕೊಂಡರು. ಕತ್ತಲಲ್ಲಿ ಕಾಲ್ಬೆರಳು ಎಡವಿಕೊಂಡ ಹುಡುಗನ ಕಥೆ ಹೇಳಿದರು, ಲಿಂಕನ್ ಹೇಳುತ್ತಿದ್ದುದಂತೆ: ಅಳೋಣವೆಂದರೆ ವಯಸ್ಸು ಮೀರಿದೆ, ನಗೋಣವೆಂದರೆ ನೋವು ಜಾಸ್ತಿ. ಟಿವಿ ಬಂದದ್ದೇ ಬಂತು, ಸೋತವನ ಎದುರಿಗೆ ಬಣ್ಣದ ಟೋಪಿ ಹಾಕಿ, ಬಾವುಟ ಹಿಡಿದು ನಿಲ್ಲುವ ಕೆಲಸ ನನ್ನ ಕಕ್ಷಿದಾರರ ಪಾಲಿಗೆ ಬಂತು.

ಆ ಕೆಲಸದ ಕಷ್ಟ ನೋಡಬೇಕಾದರೆ 2000ದ ನ್ಯಾಶ್‌ವಿಲ್‌ಗೆ ಹೋಗಬೇಕು. ರಾತ್ರಿ, ಮಳೆ. ಸೋತವರ ಜನ ಬಯಲಲ್ಲಿ ನೆನೆಯುತ್ತಾ ನಿಂತಿದ್ದಾರೆ. ಆಗ ಉಪಾಧ್ಯಕ್ಷರಾಗಿದ್ದ ಆಲ್ ಗೋರ್ ಆಗಲೇ ಎದುರಾಳಿ ಬುಷ್‌ಗೆ ಫೋನ್ ಮಾಡಿ ಸೋಲು ಒಪ್ಪಿದ್ದಾರೆ, ಭಾಷಣಕ್ಕೆ ಹೊರಟಿದ್ದಾರೆ. ದಾರಿಯಲ್ಲಿ ಸುದ್ದಿ ಬಂತು, ಫ್ಲೋರಿಡಾದ ಲೆಕ್ಕ ಇನ್ನೂ ಮುಗಿದಿಲ್ಲ. ಗೋರ್ ಮತ್ತೆ ಫೋನ್ ಮಾಡಿ, ಆಗ ಹೇಳಿದ್ದು ವಾಪಸ್ ಎಂದರು. ಬುಷ್‌ಗೆ ತಲೆಬುಡ ತಿಳಿಯಲಿಲ್ಲ. ಫ್ಲೋರಿಡಾದಲ್ಲಿ ಗವರ್ನರ್ ಆಗಿರುವ ತಮ್ಮನೇ ಗೆದ್ದಿದ್ದೀಯ ಅಂತ ಹೇಳಿದ್ದಾನೆ ಎಂದರು. ಇಷ್ಟಕ್ಕೆಲ್ಲ ಸಿಡುಕಬೇಕಾಗಿಲ್ಲ, ನಿಮ್ಮ ತಮ್ಮನ ಮಾತೇ ಕೊನೆಯ ಮಾತಲ್ಲ ಎಂದರು ಗೋರ್. ಜಗತ್ತಿನ ದೊಡ್ಡ ಪ್ರಜಾಪ್ರಭುತ್ವವೊಂದರ ಹಣೆಬರಹ ಪಕ್ಕದ್ಮನೆಯವರ ಕಾಂಪೌಂಡ್ ಜಗಳದ ಮಟ್ಟಕ್ಕೆ ಬಂದು ನಿಂತಿತು. ಮಳೆಯಲ್ಲಿ ನೆನೆದವರು ನೆನೆದೇ ಮನೆಗೆ ಹೋದರು.

ಅಲ್ಲಿಂದ ಐದು ವಾರ ಎಣಿಕೆ, ಕೋರ್ಟು, ಗಲಾಟೆ. ಫ್ಲೋರಿಡಾದಲ್ಲಿ ಅಂತರ 537 ಮತ. ಸುಪ್ರೀಂ ಕೋರ್ಟ್ 5-4ರಲ್ಲಿ ಎಣಿಕೆ ನಿಲ್ಲಿಸಿತು. ಡಿಸೆಂಬರ್ 13ರಂದು ಗೋರ್ ನಿಜವಾಗಿ ಸೋಲು ಒಪ್ಪಿಕೊಂಡರು. ಈ ಸಲ ವಾಪಸ್ ಫೋನ್ ಮಾಡುವುದಿಲ್ಲ ಎಂದು ಬುಷ್‌ಗೆ ಮಾತು ಕೊಟ್ಟಿದ್ದೇನೆ ಎಂದು ನಗಿಸಿದರು. ಮತ್ತೆ ಕರವಸ್ತ್ರ, ಮತ್ತೆ ದೊಡ್ಡತನ.

ದೊಡ್ಡತನ ಮೇಲಿನವರದಾಯಿತು. ಕೆಳಗಿನವರು? ಮುಂದಿನ ತಿಂಗಳು ಬುಷ್ ಕಡೆಯವರು ಶ್ವೇತಭವನಕ್ಕೆ ಬಂದು ನೋಡುತ್ತಾರೆ, ಕೆಲವು ಕೀಬೋರ್ಡ್‌ಗಳಲ್ಲಿ 'ಡಬ್ಲ್ಯು' ಕೀ ಇಲ್ಲ. ಹೊಸ ಅಧ್ಯಕ್ಷರ ಹೆಸರು ಜಾರ್ಜ್ ಡಬ್ಲ್ಯು ಬುಷ್. ಯಾರೋ ಪುಣ್ಯಾತ್ಮರು ಹೋಗುವ ಮುಂಚೆ ಕಿತ್ತುಕೊಂಡು ಹೋಗಿದ್ದರು. ಇದರ ಮೇಲೆ ಸರ್ಕಾರಿ ಲೆಕ್ಕ ತಪಾಸಣೆಯವರು ಗಂಭೀರವಾಗಿ ತನಿಖೆ ನಡೆಸಿ, 2002ರಲ್ಲಿ ವರದಿ ಕೊಟ್ಟರು. ಕೀಬೋರ್ಡು, ಬಾಗಿಲಿನ ಹಿಡಿ ಎಲ್ಲ ಸೇರಿ ನಷ್ಟ ಸುಮಾರು 13ರಿಂದ 14 ಸಾವಿರ ಡಾಲರ್. ನಾಯಕರ ದೊಡ್ಡತನಕ್ಕೆ ಬೆಲೆ ಕಟ್ಟಲಾಗದು ಎನ್ನುತ್ತಾರೆ. ಹಿಂಬಾಲಕರ ಸಣ್ಣತನಕ್ಕೆ ಬೆಲೆ ಕಟ್ಟಿದ ವರದಿ ಮಾತ್ರ ಸಿಗುತ್ತದೆ, ರಸೀದಿ ಸಮೇತ.

ಗೆದ್ದವರ ಗುಂಪು ಎಷ್ಟು ಚೆಂದ ಎಂದು ನೀವು ಹೇಳಬಹುದು. ಹೌದು, ಮೆಕೇನ್ ಸೋತ ಅದೇ ರಾತ್ರಿ ಶಿಕಾಗೋದ ಗ್ರಾಂಟ್ ಪಾರ್ಕಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಒಬಾಮಾ ಮೆಕೇನ್ ಅವರ ಫೋನ್ ಕರೆಯನ್ನು ಹೊಗಳಿದರು. ಜನ ಚಪ್ಪಾಳೆ ತಟ್ಟಿದರು. ಬೂ ಇಲ್ಲ, ಗಲಾಟೆ ಇಲ್ಲ. ಮರುದಿನ ಎಲ್ಲರೂ ಎರಡೂ ಗುಂಪುಗಳನ್ನು ಪಕ್ಕಪಕ್ಕ ಇಟ್ಟು ತೂಗಿದರು. ಹೊಟ್ಟೆ ತುಂಬ ಉಂಡವನು ಬಡಿಸುವವರ ಮೇಲೆ ರೇಗಲಿಲ್ಲ ಎಂದು ಮೆಚ್ಚಿಕೊಂಡ ಹಾಗೆ. ಎರಡೂವರೆ ತಿಂಗಳು ತಡೆಯಿರಿ. 2009ರ ಜನವರಿ 20, ವಾಷಿಂಗ್ಟನ್, ಪ್ರಮಾಣವಚನ. ಹೋಗುತ್ತಿರುವ ಬುಷ್ ವೇದಿಕೆಗೆ ಬಂದರು. ಕೆಳಗೆ ನಿಂತ ಗುಂಪಿನಲ್ಲಿ ಒಂದಷ್ಟು ಜನ ಬೂ ಎಂದರು. ಕ್ರೀಡಾಂಗಣದಲ್ಲಿ ಸೋತ ತಂಡಕ್ಕೆ ಹಾಡುವ ಬೀಳ್ಕೊಡುಗೆ ಹಾಡನ್ನೂ ಹಾಡಿದರು. ಅಂದರೆ ಬೂ ಎನ್ನುವುದು ಒಂದು ಪಕ್ಷದ ಸ್ವತ್ತಲ್ಲ. ಗೆದ್ದವರ ಬಾಯಲ್ಲೂ ಇತ್ತು, ಹೊರಬರಲು ಎಪ್ಪತ್ತು ಚಿಲ್ಲರೆ ದಿನ ಬೇಕಾಯಿತು.

ಇನ್ನು ನನ್ನ ವಾದದ ಮುಖ್ಯ ಸಾಕ್ಷಿ. 2016ರಲ್ಲಿ ಡೊನಾಲ್ಡ್ ಟ್ರಂಪ್ ಸಭೆಗಳಲ್ಲಿ ಒಂದು ಘೋಷಣೆ ಇತ್ತು: ಎದುರಾಳಿ ಹಿಲರಿ ಕ್ಲಿಂಟನ್ ಅವರನ್ನು "ಜೈಲಿಗೆ ಹಾಕಿ". ಜನ ಗಂಟಲು ಕಟ್ಟುವಷ್ಟು ಕೂಗಿದರು. ಗೆದ್ದ ರಾತ್ರಿ ಟ್ರಂಪ್, ಹಿಲರಿ ಅವರ ಸೇವೆಗೆ ದೇಶ ಋಣಿ ಎಂದರು. ಜೈಲಿಗೆ ಹೋಗಬೇಕಿದ್ದವರಿಗೆ ಋಣ! ಡಿಸೆಂಬರ್ 9ರಂದು ಮಿಷಿಗನ್‌ನ ಗ್ರ್ಯಾಂಡ್ ರ್‍ಯಾಪಿಡ್ಸ್‌ನಲ್ಲಿ ಧನ್ಯವಾದ ಸಭೆ. ಪಾಪ, ಜನ ಅಭ್ಯಾಸಬಲದಿಂದ ಅದೇ ಘೋಷಣೆ ಶುರುಮಾಡಿದರು. ಟ್ರಂಪ್ ಏನೆಂದರು ಗೊತ್ತೇ? ಅದು ಚುನಾವಣೆಗೆ ಮುಂಚೆ ಚೆನ್ನಾಗಿ ಓಡುತ್ತಿತ್ತು, ಈಗ ನಮಗೆ ಬೇಕಾಗಿಲ್ಲ, ಅಲ್ವಾ?

ಮೆಕೇನ್ ಮನಸ್ಸಿನಲ್ಲೂ, ಬೇರೆಲ್ಲ ಸಜ್ಜನರ ಮನಸ್ಸಿನಲ್ಲೂ ಇದ್ದ ಮಾತನ್ನು ಇಷ್ಟು ಪ್ರಾಮಾಣಿಕವಾಗಿ ಹೇಳಿದವರು ಇನ್ನೊಬ್ಬರಿಲ್ಲ. ಜಾತ್ರೆ ಮುಗಿಯಿತು, ತಮಟೆ ಒಳಗಿಡಿ. ತಮಟೆ ಬಡಿದವನ ಕೈ ಇನ್ನೂ ಅದುರುತ್ತಿದ್ದರೆ ಅದು ಅವನ ಸಮಸ್ಯೆ.

ಆಮೇಲೆ 2020. ಟ್ರಂಪ್ ಸೋತರು. ಈ ಸಲ ದೊಡ್ಡತನದ ಭಾಷಣವೇ ಬರಲಿಲ್ಲ, ಹಾಗಾಗಿ ಗುಂಪಿಗೆ ಬಿಡುವೂ ಸಿಗಲಿಲ್ಲ. ಜಟ್ಟಿ ಜಾರಿಬಿದ್ದರೂ ಮೀಸೆ ಮಣ್ಣಾಗಿಲ್ಲ ಎನ್ನುವುದು ಹಳೆಯ ಮಾತು. ಇಲ್ಲಿ ಜಟ್ಟಿ ಬಿದ್ದೇ ಇಲ್ಲ, ಅಖಾಡವೇ ಮೇಲೆ ಬಂದಿದ್ದು! ಮಿಷಿಗನ್ ರಾಜ್ಯದಲ್ಲಿ ಮೊದಲು ಟ್ರಂಪ್ ಮುಂದಿದ್ದರು, ಎಣಿಸುತ್ತಾ ಹೋದಂತೆ ಆ ಮುನ್ನಡೆ ಕರಗಿಹೋಯಿತು. ಅಲ್ಲಿನ ಡೆಟ್ರಾಯಿಟ್‌ನಲ್ಲಿ ಅವರ ಜನ "ಎಣಿಕೆ ನಿಲ್ಲಿಸಿ" ಎಂದು ಗಾಜು ಬಡಿದರು. ಅರಿಜೋನಾದಲ್ಲಿ ಹಿಂದಿದ್ದರು. ಅಲ್ಲಿ ಅವರದೇ ಜನ "ಮತ ಎಣಿಸಿ" ಎಂದು ಕೂಗಿದರು. ಊರು ಯಾವುದು ಅಂದುಕೊಂಡಿರಿ? ಅದೇ ಫೀನಿಕ್ಸ್. ಮೆಕೇನ್ "ದಯವಿಟ್ಟು" ಎಂದ ಊರು. ಹನ್ನೆರಡು ವರ್ಷದಲ್ಲಿ ಆ ಊರಿನವರಿಗೆ ದಯವಿಟ್ಟು ಎನ್ನುವವರೂ ಇಲ್ಲವಾಗಿದ್ದರು. ಮೆಕೇನ್ ತೀರಿಕೊಂಡು ಎರಡು ವರ್ಷ ದಾಟಿತ್ತು.

2021ರ ಜನವರಿ 6ರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಂಸತ್ತಿಗೆ ನುಗ್ಗಿದ್ದರಲ್ಲಿ, ಪೊಲೀಸರನ್ನು ಬಡಿದದ್ದರಲ್ಲಿ ನಗುವಂಥದ್ದೇನೂ ಇಲ್ಲ. ಆ ಕೇಸನ್ನು ನಾನು ಹಿಡಿಯುವುದೂ ಇಲ್ಲ. ಒಂದೇ ಒಂದು ಚಿಕ್ಕ ವಿಷಯ: ನಡೆಯೋಣ, ನಾನೂ ನಿಮ್ಮ ಜೊತೆ ಬರುತ್ತೇನೆ ಎಂದು ಅವತ್ತು ಮೈಕಿನಲ್ಲಿ ಹೇಳಿದವರು ಕಾರು ಹತ್ತಿ ಶ್ವೇತಭವನಕ್ಕೆ ವಾಪಸ್ ಹೋದರು. ಜನ ನಡೆದರು, ಆಮೇಲೆ ಜೈಲಿಗೂ ಹೋದರು. ನಾಲ್ಕು ವರ್ಷ ಬಿಟ್ಟು ಟ್ರಂಪ್ ಮತ್ತೆ ಅಧ್ಯಕ್ಷರಾದ ದಿನವೇ ಸುಮಾರು 1500 ಜನರಿಗೆ ಕ್ಷಮಾದಾನ ಕೊಟ್ಟರು. ಸೋತಾಗ ದೊಡ್ಡತನ ತೋರಿದ ಸಜ್ಜನರೆಲ್ಲ ತಮ್ಮ ಗುಂಪನ್ನು ಹುಲ್ಲುಹಾಸಿನಲ್ಲೇ ಬಿಟ್ಟು ಹೋದರು. ತೋರದಿದ್ದವರು ತಮ್ಮ ಗುಂಪಿಗೆ ಕೂಲಿ ಕೊಟ್ಟರು. ಇದು ಯಾವ ಸೀಮೆ ನ್ಯಾಯ ಎಂದು ನನ್ನನ್ನು ಕೇಳಬೇಡಿ. ನಾನು ಬರೀ ವಕೀಲ.

ಅರ್ಜಿಯ ಕೊನೆಯಲ್ಲಿ ಪರಿಹಾರ ಕೇಳಬೇಕಲ್ಲ. ನನ್ನ ಕಕ್ಷಿದಾರರಿಗೆ ಪ್ರಶಸ್ತಿ ಬೇಡ, ಕ್ಷಮೆಯೂ ಬೇಡ. ಹಳೆಯ ಒಂದು ಪೂರ್ವನಿದರ್ಶನ ಇದೆ, ಅದನ್ನು ಪಾಲಿಸಿದರೆ ಸಾಕು. 1829ರ ಮಾರ್ಚ್ 4ರಂದು ಆ್ಯಂಡ್ರ್ಯೂ ಜಾಕ್ಸನ್ ಅಧ್ಯಕ್ಷರಾದರು. ಜನ ಸಂಭ್ರಮದಲ್ಲಿ ಶ್ವೇತಭವನದ ಒಳಗೇ ನುಗ್ಗಿದರು. ಕೆಸರು ಬೂಟಿನಲ್ಲಿ ರೇಷ್ಮೆ ಕುರ್ಚಿ ಹತ್ತಿದರು, ಪಿಂಗಾಣಿ ಒಡೆದರು. ನೂಕುನುಗ್ಗಲಿಗೆ ಸಿಕ್ಕ ಹೊಸ ಅಧ್ಯಕ್ಷರು ಹೇಗೋ ತಪ್ಪಿಸಿಕೊಂಡು ತಾವಿದ್ದ ಹೋಟೆಲಿಗೆ ಓಡಿದರು. ಯಾರೂ ಭಾಷಣ ಮಾಡಲಿಲ್ಲ, ಕೈ ಎತ್ತಿ "ದಯವಿಟ್ಟು" ಎನ್ನಲಿಲ್ಲ. ಕುಡಿಯುವ ಪಂಚ್ ತುಂಬಿದ್ದ ತೊಟ್ಟಿಗಳನ್ನು ಎತ್ತಿ ಹೊರಗೆ ಹುಲ್ಲುಹಾಸಿನಲ್ಲಿ ಇಟ್ಟರು. ಜನ ಬಾಗಿಲಲ್ಲಿ ಜಾಗ ಸಾಲದೆ ಕಿಟಕಿ ಹಾರಿ ಅದರ ಹಿಂದೆ ಹೋದರು.

ಬಿಲ್ಟ್‌ಮೋರ್ ಹೋಟೆಲಿನಲ್ಲಿ ಹುಲ್ಲುಹಾಸು ಮೊದಲೇ ಇತ್ತು. ತೊಟ್ಟಿ ಮಾತ್ರ ಮರೆತಿದ್ದರು.