ಕೊಕ್ಕರೆ ಸಾಕ್ಷಿ

ಹಿಟಾಚಿ ವಾಪಸ್ ಹೋಯಿತು. ಬದುವಿನ ಮೇಲೆ ಬಂದು ನಿಂತಿತ್ತು, ಬಕೆಟ್ ಇನ್ನೂ ಮಣ್ಣಿಗೆ ತಾಗಿರಲಿಲ್ಲ. ಡ್ರೈವರ್ ಹುಡುಗ ‘ಅಣ್ಣ, ಗಾಡಿ ಸೀಜ್ ಆದ್ರೆ ಯಾರ್ ಬಿಡಿಸ್ತಾರೆ?’ ಅಂದ. ಅವನದೇನು ತಪ್ಪು. ಡೀಸೆಲ್ ದುಡ್ಡು ಕೊಟ್ಟು ಕಳಿಸಿದೆ. ತಂದ ಪೈಪು ಮಾತ್ರ ಸುರುಳಿ ಸುತ್ತಿಕೊಂಡು ಹೊಲದ ಅಂಚಲ್ಲೇ ಬಿದ್ದಿದೆ. ಅದರ ದುಡ್ಡು ಅಂಗಡಿಯವರಿಗೆ ಇನ್ನೂ ಪೂರ್ತಿ ಕೊಟ್ಟಿಲ್ಲ.

ನಾನು ತೋಡಲು ಹೊರಟಿದ್ದು ಬಸಿಗಾಲುವೆ ಸ್ವಾಮಿ, ನಿಂತ ನೀರು ಹೊರಗೆ ಹೋಗಲಿ ಅಂತ. ಬಂಗಾರದ ಗಣಿ ಅಲ್ಲ. ನನ್ನ ಹೆಸರಲ್ಲಿ ಪಹಣಿ ಇರುವ ನನ್ನದೇ ಹೊಲದಲ್ಲಿ. ಅದಕ್ಕೆ ಈಗ ಅಧಿಕಾರಿಗಳು ‘ಜೌಗು ಪ್ರದೇಶ ಇರಬಹುದು, ಸರ್ವೆ ಮುಗಿಯುವ ತನಕ ಮುಟ್ಟಬೇಡಿ’ ಅಂತಾರೆ. ಇರಬಹುದು! ಅದೂ ಬರೀ ಬಾಯಿಮಾತು. ಒಂದು ಹಿಂಬರಹ ಕೊಡಿ ಸರ್ ಅಂದರೆ ‘ಬರುತ್ತೆ, ಹೋಗಿ’. ಸರ್ವೆ ಯಾವಾಗ ಮುಗಿಯುತ್ತೆ? ಅದೂ ಬರುತ್ತೆ.

ಸರಿ, ಬಿಟ್ಟುಬಿಡೋಣ ಅಂತ ಮನೆಗೆ ಬಂದು ಕೂತೆ. ಬಿಡುವುದಕ್ಕೆ ಆಗುತ್ತಿಲ್ಲ. ಈ ಸರ್ವೆ ಬಗ್ಗೆ ಕರೆದಿದ್ದ ಆ ಮೀಟಿಂಗ್ ಕಣ್ಣ ಮುಂದಿಂದ ಹೋಗುತ್ತಿಲ್ಲ.

ಪಂಚಾಯ್ತಿ ಹಾಲ್. ಗೋಡೆ ಮೇಲೆ ಪ್ರೊಜೆಕ್ಟರ್ ಬಿಟ್ಟಿದ್ದರು, ಸ್ಯಾಟಲೈಟ್ ನಕ್ಷೆ. ಹಸಿರು ಹಸಿರು ಗದ್ದೆಗಳ ನಡುವೆ ಒಂದು ನೀಲಿ ಕಲೆ. ‘ಇದು ಯಾರದು?’ ಅಂದರು. ನಾನೇ ಮುಂದೆ ಹೋಗಿ ‘ನಮ್ಮದು ಸರ್, ಅದಕ್ಕೇ ಬಸಿಗಾಲುವೆ ಹಾಕ್ತಿದ್ದೀನಿ’ ಅಂದೆ. ಒಳ್ಳೆಯ ಮಾತಲ್ಲೇ ಅಂದೆ. ಸಾಹೇಬರು ಫೈಲು ತಿರುವಿ ಒಂದು ಕಾಗದ ಎಳೆದರು. ನೋಡಿದ ತಕ್ಷಣ ಗೊತ್ತಾಯಿತು, ಅದು ನನ್ನದೇ ಅರ್ಜಿ. ನೀರು ನಿಂತು ಬೆಳೆ ಹಾಳಾಗಿದೆ, ಪರಿಹಾರ ಕೊಡಿ ಅಂತ ಹಿಂದೆ ಕೊಟ್ಟಿದ್ದು. ಆವಾಗ ಅದನ್ನು ಯಾರೂ ಓದಿರಲಿಲ್ಲ. ಈಗ ಓದಿದರು. ಮೈಕಿನಲ್ಲಿ.

‘ನನ್ನ ಜಮೀನಿನಲ್ಲಿ ವರ್ಷದ ಬಹುಪಾಲು ನೀರು ನಿಂತಿರುತ್ತದೆ.’ ಓದಿ ನನ್ನ ಮುಖ ನೋಡಿದರು. ‘ಆಪು ಹುಲ್ಲು ಆಳೆತ್ತರ ಬೆಳೆದಿರುತ್ತದೆ.’ ಮತ್ತೆ ನೋಡಿದರು. ‘ಕೊಕ್ಕರೆಗಳು ಗುಂಪು ಗುಂಪಾಗಿ ಬಂದು ಕೂರುತ್ತವೆ.’ ಅಷ್ಟು ಹೊತ್ತಿಗೆ ಹಿಂದೆ ಯಾರೋ ಕಿಸಕ್ಕೆಂದರು. ಸಾಹೇಬರು ಕಾಗದ ನನ್ನ ಕಡೆ ತಿರುಗಿಸಿ ‘ಯಜಮಾನ್ರೇ, ಸಹಿ ನಿಮ್ದೇ ತಾನೇ?’

‘ಹೌದ್ರೀ ಸರ್.’

‘ಮತ್ತೆ?’

ಆ ‘ಮತ್ತೆ?’ ಇದೆಯಲ್ಲ, ಅದು ಇನ್ನೂ ಕಿವಿಯಲ್ಲಿದೆ. ಇಡೀ ಹಾಲು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಮೇಲಿನ ಹೊಲದವರು. ಸಂಬಂಧದಲ್ಲಿ ನನಗೆ ಮಾವ ಆಗಬೇಕು. ಅವರ ಗದ್ದೆಯಿಂದ ಜಿನುಗಿದ ನೀರೇ ನನ್ನ ಹೊಲದಲ್ಲಿ ನಿಂತಿರುವುದು! ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ನಾನು ಕೈ ಮುಗಿದುಕೊಂಡು ನಿಂತಿದ್ದೆ. ಹೌದು, ಕೈ ಮುಗಿದೆ. ‘ಆಯ್ತು ಸರ್’ ಅಂತ ಬೇರೆ ಅಂದೆ. ಏನು ಆಯ್ತು? ಯಾವುದು ಆಯ್ತು? ರಾತ್ರಿಯೆಲ್ಲ ಹೊರಳಾಡುವಾಗ ಸಾಲು ಸಾಲು ಉತ್ತರ ಹೊಳೆದವು. ಹಾಲ್‌ನಲ್ಲಿ ಒಂದೂ ಬರಲಿಲ್ಲ.

ಆ ಕೊಕ್ಕರೆ ಸಾಲನ್ನು ನಾನು ಬೇಕಂತಲೇ ಬರೆದಿದ್ದೆ. ಬರೀ ‘ನೀರು ನಿಲ್ಲುತ್ತದೆ’ ಅಂದರೆ ಯಾರ ಮನಸ್ಸು ಕರಗುತ್ತೆ ಅಂತ. ನಮ್ಮ ಮೇಷ್ಟ್ರಿಗೆ ತೋರಿಸಿದ್ದೆ, ಅವರು ‘ಗುಂಪು ಗುಂಪಾಗಿ’ ಅಂತ ಸೇರಿಸಿಕೊಟ್ಟರು. ಎಂಥಾ ಸಾಹಿತ್ಯ! ಪರಿಹಾರದ ಒಂದು ರೂಪಾಯಿ ಬರಲಿಲ್ಲ, ಹಕ್ಕಿಗಳ ಪರವಾಗಿ ಮಾತ್ರ ಭರ್ಜರಿ ಸಾಕ್ಷಿ ಬರೆದುಕೊಟ್ಟಿದ್ದೇನೆ. ಪುಣ್ಯಕ್ಕೆ ಕಪ್ಪೆ ವಟಗುಟ್ಟುವುದನ್ನು ಬರೆಯಲಿಲ್ಲ.

ನೀರು ಎಲ್ಲಿಂದ ಬಂತು ಅಂತ ಮಾತ್ರ ಯಾರೂ ಕೇಳಲಿಲ್ಲ. ಹೊಟ್ಟೆ ಉರಿಯುವುದು ಅದಕ್ಕೇ. ಅಜ್ಜನ ಕಾಲದಲ್ಲಿ ಅದು ಜೋಳದ ಹೊಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಆಯಿತು, ಎಡದಂಡೆ ಕಾಲುವೆ ಬಂತು. ಕಡಿಮೆ ನೀರಿನ ಬೆಳೆಗಳಿಗೆ, ಜೋಳ, ಹತ್ತಿ, ಶೇಂಗಾ ಇಂಥವಕ್ಕೆ ಹೆಚ್ಚು ಜಮೀನು ಅಂತ ಲೆಕ್ಕ ಹಾಕಿ ಮಾಡಿದ ಕಾಲುವೆ ಅದು. ಜನ ಹಾಕಿದ್ದು ಭತ್ತ. ಬೆಳೆ ಪದ್ಧತಿ ಉಲ್ಲಂಘನೆ ಅಂತ ಪ್ರತಿ ವರ್ಷ ಪೇಪರಿನಲ್ಲಿ ಬರುತ್ತೆ, ಪ್ರತಿ ವರ್ಷ ಭತ್ತವೂ ಬರುತ್ತೆ. ನಮ್ಮದು ಎರೆಮಣ್ಣು. ಕುಡಿದ ನೀರನ್ನು ಸುಲಭಕ್ಕೆ ಬಿಡುವುದಿಲ್ಲ. ಕಾಲುವೆಯಿಂದ ಒಸರಿದ್ದು, ಮೇಲಿನ ಗದ್ದೆಗಳಿಂದ ಬಸಿದಿದ್ದು, ಎಲ್ಲಾ ಕೆಳಗಿರುವ ನನ್ನ ಮೂರು ಎಕರೆಗೇ.

ಬೇಸಿಗೆಯಲ್ಲಿ ಬಂದು ನೋಡಿ. ಅಡಿಯ ನೀರು ಮಣ್ಣಿನೊಳಗಿಂದ ಮೇಲೇರಿ ಬಿಸಿಲಿಗೆ ಆರುತ್ತದೆ, ಉಪ್ಪು ಮೇಲೆ ಉಳಿಯುತ್ತದೆ. ಸುಣ್ಣ ಚೆಲ್ಲಿದ ಹಾಗೆ ಬಿಳಿ ಪೊರೆ. ಬರಿಗಾಲಲ್ಲಿ ನಡೆದರೆ ಪಟಪಟ ಒಡೆಯುತ್ತದೆ, ಅದರ ಕೆಳಗೆ ಕೆಸರು ಮೆತ್ತಗೆ, ತಣ್ಣಗೆ. ಬೀಜ ಹಾಕಿದರೆ ಮೊಳೆಯುತ್ತದೆ, ಅದೇ ಬೇಜಾರು. ಎರಡು ಎಲೆ ಬಿಟ್ಟು ಆಸೆ ಹುಟ್ಟಿಸಿ, ತುದಿಯಿಂದ ಸುಟ್ಟುಕೊಂಡು ಬರುತ್ತದೆ. ಪಹಣಿಯ ಬೆಳೆ ಕಾಲಂನಲ್ಲಿ ಈಗ ‘ಬೀಳು’. ಸೊಸೈಟಿ ಸಾಲದ ಕಾಲಂನಲ್ಲಿ ಮಾತ್ರ ಬೀಳು ಇಲ್ಲ.

ಇದಕ್ಕೆ ಮದ್ದು ನಾನು ಕನಸಲ್ಲಿ ಕಂಡಿದ್ದಲ್ಲ. ತೂತಿರುವ ಪೈಪನ್ನು ಸುಮಾರು ಒಂದು ಮೀಟರ್ ಆಳದಲ್ಲಿ, ಮಣ್ಣು ಒಳಗೆ ಹೋಗದ ಹಾಗೆ ಬಟ್ಟೆ ಸುತ್ತಿ ಹೂಳಬೇಕು. ನೀರು ಅದರೊಳಗೆ ಇಳಿದು ಹಳ್ಳಕ್ಕೆ ಹೋಗುತ್ತದೆ, ಹೋಗುವಾಗ ಉಪ್ಪನ್ನೂ ತೊಳೆದುಕೊಂಡು ಹೋಗುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಎಷ್ಟೋ ವರ್ಷಗಳಿಂದ ಇದರ ಮೇಲೆ ಸಂಶೋಧನೆ ಇದೆ. ಉಪ್ಪೇರಿ ನೀರು ನಿಂತ ಸವಳು-ಜವಳು ಜಮೀನು ಸುಧಾರಣೆ ಅಂತ ಸರ್ಕಾರವೇ ದುಡ್ಡು ಹಾಕಿ ಅಂತರ್ಬಸಿಗಾಲುವೆ ಮಾಡಿಸಿದೆ. ಒಂದು ಇಲಾಖೆಯವರು ‘ಬಸಿಸಿ’ ಅಂತಾರೆ, ಇನ್ನೊಂದು ಇಲಾಖೆಯವರು ‘ಬಸಿದರೆ ನೋಡಿ’ ಅಂತಾರೆ. ಇಬ್ಬರೂ ಒಂದೇ ಕಾಂಪೌಂಡಿನಲ್ಲಿ ಕೂರುತ್ತಾರೆ! ಟೀ ಕುಡಿಯುವಾಗಾದರೂ ಮಾತಾಡಿಕೊಳ್ಳಬಾರದಾ?

ನಿಯಮ ಏನು ಹೇಳುತ್ತೆ ಅಂತ ಅಣ್ಣನ ಮಗ ಮೊಬೈಲಿನಲ್ಲಿ ಓದಿ ಹೇಳಿದ. ಜೌಗು ಪ್ರದೇಶ ಕಾಪಾಡುವುದಕ್ಕೆ ಮಾಡಿದ 2017ರ ನಿಯಮ. ಜೌಗು ಪ್ರದೇಶ ಅಂದರೆ ಸ್ವಾಭಾವಿಕವಾಗಿರಲಿ, ಮನುಷ್ಯ ಮಾಡಿದ್ದಿರಲಿ, ನೀರು ಕಾಯಂ ಇರಲಿ, ತಾತ್ಕಾಲಿಕ ಇರಲಿ, ನಿಂತಿರಲಿ, ಹರಿಯುತ್ತಿರಲಿ, ಸಿಹಿ ಇರಲಿ, ಉಪ್ಪಿರಲಿ. ಹಿಂಗಂದ್ರೆ ನಮ್ಮ ಬಚ್ಚಲೂ ಬರುತ್ತೆ ಅಂದೆ. ‘ಇರು ಕಾಕಾ, ಮುಂದೆ ಕೇಳು’ ಅಂದ. ಭತ್ತದ ಗದ್ದೆ ಇದರಲ್ಲಿ ಬರುವುದಿಲ್ಲ. ನೀರಾವರಿಗೆ ಅಂತಲೇ ಕಟ್ಟಿದ್ದೂ ಬರುವುದಿಲ್ಲ. ಅಂದರೆ ಲೆಕ್ಕ ನೋಡಿ. ಮಾವನವರ ಗದ್ದೆಯಲ್ಲಿ ನೀರು ನಿಂತಿದೆ, ಭತ್ತ ಇದೆ, ಅದು ಗದ್ದೆ. ಅದೇ ನೀರು ಬದು ದಾಟಿ ನನ್ನ ಹೊಲಕ್ಕೆ ಬಂತು, ಭತ್ತ ಸತ್ತಿತು, ಆಪು ಬಂತು, ಅದು ಜೌಗು. ನನ್ನ ಬೆಳೆ ಸತ್ತಿದ್ದೇ ನನ್ನ ಅಪರಾಧ.

ಆ ನೀಲಿ ಕಲೆಗೂ ಒಂದು ಕಥೆ ಇದೆ. ಇಸ್ರೋದ ಅಹಮದಾಬಾದ್ ಕೇಂದ್ರದವರು ದೇಶದ ಜೌಗು ಪ್ರದೇಶಗಳ ಅಟ್ಲಾಸ್ ಮಾಡಿದ್ದಾರೆ. 2.25 ಹೆಕ್ಟೇರ್‌ಗಿಂತ ದೊಡ್ಡವೇ 2,31,195. ಅದರಲ್ಲಿ ಕೆರೆ, ನದಿ, ಜಲಾಶಯದ ಜೊತೆಗೆ ‘ಮನುಷ್ಯರಿಂದಾದ ಜವಳು’ ಅಂತಲೂ ಒಂದು ವರ್ಗ ಇದೆಯಂತೆ. ಅದು ನಾನೇ. ಮನುಷ್ಯರಿಂದ ಆಗಿದ್ದು, ಹೌದು. ಆದರೆ ಯಾವ ಮನುಷ್ಯರಿಂದ? 2.25 ಹೆಕ್ಟೇರ್ ಅಂದರೆ ಐದೂವರೆ ಎಕರೆಗಿಂತ ಚೂರು ಜಾಸ್ತಿ. ನನ್ನದು ಮೂರೇ. ಆದರೆ ಪಕ್ಕದವರ ಜವಳೂ ಸೇರಿ ಕಲೆ ದೊಡ್ಡದಾಗಿದೆ. ಸ್ಯಾಟಲೈಟಿಗೆ ಬದು ಕಾಣಲ್ವಲ್ಲ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ರಾಜ್ಯಗಳಿಗೆಲ್ಲ ಸ್ಥಳಕ್ಕೇ ಹೋಗಿ ನೋಡಿ, ಗಡಿ ಗುರುತಿಸಿ ಅಂದಿತು. ಸ್ಥಳಕ್ಕೆ ಹೋಗಿ ಅಂದಿದ್ದು! ನನ್ನ ಹೊಲಕ್ಕೆ ಯಾರು ಬಂದರು? ಬಂದು ಬೂಟು ಹೂತುಕೊಂಡಿದ್ದರೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತಿತ್ತು, ನೀರು ಯಾವ ಕಡೆಯಿಂದ ಬರುತ್ತಿದೆ ಅಂತ. ಜೀಪು ಡಾಂಬರು ರಸ್ತೆ ಬಿಟ್ಟು ಇಳಿಯಲಿಲ್ಲ. ಗಾಜು ಇಳಿಸಿ ಒಂದು ಫೋಟೋ. ಆ ಫೋಟೋದಲ್ಲೂ ಕೊಕ್ಕರೆ ಇತ್ತು, ನನ್ನ ಹಣೆಬರಹ.

ನನಗೆ ಕೆರೆ, ಹಕ್ಕಿ ಬೇಡ ಅಂತ ಯಾರೂ ಹೇಳಬೇಡಿ. ಅಂಕಸಮುದ್ರ ಕೆರೆಗೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೆ. ನೀರೊಳಗಿನ ಜಾಲಿ ಮರಗಳ ತುಂಬ ಹಕ್ಕಿ. ಅದೂ ಊರಿನವರು ನೀರಾವರಿಗೆ ಕಟ್ಟಿಕೊಂಡ ಕೆರೆಯೇ. 2024ರಲ್ಲಿ ಮಾಗಡಿ ಕೆರೆ, ಅಘನಾಶಿನಿ ಅಳಿವೆ ಜೊತೆ ಅದಕ್ಕೂ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು, ಖುಷಿಯೇ ಆಯಿತು. ಅಂಥದ್ದನ್ನು ಯಾರಾದರೂ ಬಸಿಸಲು ಹೋದರೆ ಹಿಟಾಚಿಗೆ ಅಡ್ಡ ನಾನೇ ಮಲಗುತ್ತೇನೆ. ಆದರೆ ಕಾಲುವೆ ಸೋರಿ ಸತ್ತ ಹೊಲವನ್ನೂ, ಶತಮಾನಗಳಿಂದ ಬಾಳಿದ ಕೆರೆಯನ್ನೂ ಒಂದೇ ನೀಲಿ ಬಣ್ಣದಲ್ಲಿ ಬಳಿದರೆ ಹೇಗೆ?

ಅಮೆರಿಕದಲ್ಲೂ ಇಂಥ ಕಾನೂನಿದೆಯಂತೆ. ಜೌಗು ಬಸಿಸಿ ಬೆಳೆ ಹಾಕಿದರೆ ಸರ್ಕಾರದ ಸಹಾಯಧನ ಕಟ್. ಅಲ್ಲಿನ ರೈತರೂ ಬೈಯುತ್ತಾರೆ, ಕೋರ್ಟಿಗೂ ಹೋಗುತ್ತಾರೆ. ಆದರೆ ಒಂದು ತಾರೀಖಾದರೂ ಇದೆ ಮಾರಾಯ್ರೇ. 1985ರ ಡಿಸೆಂಬರ್ 23. ಅದಕ್ಕಿಂತ ಮುಂಚೆಯೇ ಬಸಿಸಿ ಬೆಳೆ ತೆಗೆದಿದ್ದ ಜಮೀನಾದರೆ ಬೆಳೆ ಮುಂದುವರಿಸಬಹುದು. ನಿಮ್ಮ ಜಮೀನು ಜೌಗು ಅಂತ ತೀರ್ಮಾನಿಸಿದರೆ ಬರೆದು ಕೊಡುತ್ತಾರೆ, ಆ ಕಾಗದ ಹಿಡಿದು ಮೇಲ್ಮನವಿ ಹಾಕಬಹುದು. ನನ್ನ ಹೊಲದಲ್ಲಿ ಅಜ್ಜ ಜೋಳ ಬೆಳೆದಿದ್ದಕ್ಕೆ ಹಳೇ ಪಹಣಿ ಇದೆ. ಅದನ್ನು ಯಾವ ತಾರೀಖಿನ ಎದುರು ಇಡಲಿ? ಯಾವ ಕಾಗದದ ಮೇಲೆ ಮೇಲ್ಮನವಿ ಹಾಕಲಿ? ‘ಬರುತ್ತೆ, ಹೋಗಿ’ ಅನ್ನುವುದರ ಮೇಲಾ?

ಬೇಡ ಬಿಡಿ. ಸರ್ಕಾರದ ಜೊತೆ ಯಾರು ಗುದ್ದಾಡುತ್ತಾರೆ. ಜೌಗು ಅಂತೀರಾ, ಇಟ್ಟುಕೊಳ್ಳಿ. ದುಡ್ಡು ಕೊಟ್ಟು ತಗೊಳ್ಳಿ, ಬೋರ್ಡು ಹಾಕಿ, ಟಿಕೆಟ್ ಇಡಿ. ನಾನೇ ಗೇಟಿನಲ್ಲಿ ನಿಂತು ದುರ್ಬೀನು ಬಾಡಿಗೆಗೆ ಕೊಡುತ್ತೇನೆ. ಆದರೆ ಅದೂ ಇಲ್ಲ! ಜಮೀನು ನಿಮ್ಮದೇ, ಕಂದಾಯ ನೀವೇ ಕಟ್ಟಿ, ಸಾಲ ನೀವೇ ತೀರಿಸಿ, ಮುಟ್ಟಬೇಡಿ ಮಾತ್ರ. ನಾನು ಯಾರು ಹಂಗಾದ್ರೆ? ಕೊಕ್ಕರೆಗಳ ವಾಚ್‌ಮನ್ನಾ? ಸಂಬಳ ಯಾರು ಕೊಡ್ತಾರೆ?

ಇಲ್ಲ, ಬಿಡಲ್ಲ. ಮಾಹಿತಿ ಹಕ್ಕಿನಲ್ಲಿ ಕೇಳೇ ಕೇಳುತ್ತೇನೆ. ಯಾವ ಸರ್ವೆ, ಯಾವ ಆದೇಶ, ಕಾಲುವೆ ಸೋರುವುದಕ್ಕೆ ಯಾರು ಹೊಣೆ. ಯಾರಾದರೂ ಒಬ್ಬರು ಉತ್ತರ ಕೊಡಲಿ. ತಹಶೀಲ್ದಾರರೋ, ನೀರಾವರಿಯವರೋ, ಪರಿಸರದವರೋ. ಮಾವನವರೇ ಕೊಟ್ಟರೂ ಆಯಿತು, ಅವರು ಇದನ್ನು ಓದೇ ಓದುತ್ತಾರೆ. ನಗೋದು ಮುಗಿದಿದ್ದರೆ ಹೇಳಿ ಮಾವ, ಈ ನೀರು ಯಾರದು?

ಈಗ ಆಕ್ಷೇಪಣೆ ಇದ್ದರೆ ಬರೆದು ಕೊಡಬೇಕಂತೆ. ನಿನ್ನೆಯಿಂದ ಹಾಳೆ ಮುಂದಿಟ್ಟುಕೊಂಡು ಕೂತಿದ್ದೇನೆ. ನೀರು ನಿಲ್ಲುತ್ತದೆ ಅಂತ ಬರೆದರೆ ‘ಮತ್ತೆ?’ ಅಂತಾರೆ. ನಿಲ್ಲುವುದಿಲ್ಲ ಅಂತ ಬರೆದರೆ ಬಸಿಗಾಲುವೆ ಯಾಕೆ ಅಂತಾರೆ, ಜೊತೆಗೆ ಹಳೇ ಅರ್ಜಿ ಸುಳ್ಳು ಅಂತ ಕೇಸು ಬೇರೆ. ಮೇಷ್ಟ್ರ ಹತ್ತಿರ ಮಾತ್ರ ಸತ್ತರೂ ಹೋಗಲ್ಲ. ಇಂಥ ಆಕ್ಷೇಪಣೆ ಬರೆದು ಗೆದ್ದವರು ಯಾರಾದರೂ ಇದ್ದರೆ, ಮೊದಲ ಸಾಲು ಹೇಗೆ ಶುರು ಮಾಡಿದಿರಿ, ಅದೊಂದು ಹೇಳಿ.