ನ್ಯಾನೋ ಕಾರ್ಬನ್ ಪ್ಲಾಸ್ಟಿಕ್‌ಗೂ ಬೆಂಕಿ ಹತ್ತುತ್ತದೆ
ಬೆಳಗಾವಿ ಉದ್ಯಮಬಾಗ್ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ "ನ್ಯಾನೋ ಕಾರ್ಬನ್ ಬೆರೆಸಿದ ಪ್ಲಾಸ್ಟಿಕ್ ಸುಡೋದೇ ಇಲ್ಲ" ಅನ್ನೋ ಮೆಸೇಜ್ ಓಡಾಡುತ್ತಿದೆ. ಸುಮ್ನೆ ನಂಬಬೇಡಿ. ಪಾಲಿಪ್ರೊಪಿಲೀನ್ ಅನ್ನೋ ಪ್ಲಾಸ್ಟಿಕ್‌ಗೆ ಶೇ 1ರಷ್ಟು ಕಾರ್ಬನ್ ನ್ಯಾನೋಟ್ಯೂಬ್ (ಕಣ್ಣಿಗೆ ಕಾಣದಷ್ಟು ಸಣ್ಣ ಕಾರ್ಬನ್ ಕೊಳವೆ, ನ್ಯಾನೋ ಕಾರ್ಬನ್ನಿನ ಒಂದು ಬಗೆ) ಚೆನ್ನಾಗಿ ಬೆರೆತಿದ್ದರೆ, ಸುಡುವಾಗ ಅವು ಬಲೆಯ ಹಾಗೆ ಹೆಣೆದುಕೊಂಡು ಮೇಲೆ ಕಪ್ಪು ಪದರ ಕಟ್ಟುತ್ತವೆ, ಆ ಪದರ ಒಳಗಿನ ಪ್ಲಾಸ್ಟಿಕ್‌ಗೆ ಕಾವು ಮುಟ್ಟೋದನ್ನ ತಡೆಯುತ್ತದೆ, ಹಾಗಾಗಿ ಉರಿಯ ಜೋರು ತುಂಬಾ ಇಳಿಯುತ್ತದೆ, ಕರಗಿ ತೊಟ್ಟಿಕ್ಕೋದೂ ಕಡಿಮೆ. ಇಷ್ಟು ನಿಜ. ಆದರೆ ಬೆಂಕಿ ಹತ್ತುತ್ತದೆ! ಕೆಲವು ಸಲ ಇನ್ನೂ ಬೇಗ. ಕಪ್ಪು ಬಣ್ಣ ಕಾವು ಜಾಸ್ತಿ ಹೀರುತ್ತದೆ ಅಲ್ವಾ. ನಿಧಾನವಾಗಿ ಉರಿದರೂ ಒಟ್ಟು ಹೊರಬರುವ ಕಾವು ಹೆಚ್ಚುಕಡಿಮೆ ಅಷ್ಟೇ. ನ್ಯಾನೋಟ್ಯೂಬ್ ಪುಡಿ ಸರಿಯಾಗಿ ಬೆರೆಯದೆ ಗಂಟುಗಟ್ಟಿ ಉಳಿದರೆ ಪದರ ಸರಿಯಾಗಿ ಕೂಡೋದಿಲ್ಲ, ದುಡ್ಡು ದಂಡ. ಇನ್ನೊಂದು, ನ್ಯಾನೋಟ್ಯೂಬ್ ಸೇರಿದರೆ ಪ್ಲಾಸ್ಟಿಕ್‌ನಲ್ಲಿ ಕರೆಂಟ್ ಹರಿಯಬಹುದು, ಸ್ವಿಚ್ ಬೋರ್ಡಿಗೆ ಬಳಸೋ ಮುಂಚೆ ಯೋಚಿಸಿ. ಮಾರುವವರ ಹತ್ತಿರ ಯುಎಲ್-94 (ಪ್ಲಾಸ್ಟಿಕ್ ಹೇಗೆ ಉರಿಯುತ್ತದೆ ಅಂತ ನೋಡೋ ಪರೀಕ್ಷೆ) ಟೆಸ್ಟ್ ರಿಪೋರ್ಟ್ ಕೇಳಿ.