ಬಂದರಿನಲ್ಲಿ ಎಂಥ ಉಂಟು ಅಂತ ಕೇಳುವವರಿಗೆ

ಇವತ್ತು ಬೆಳಿಗ್ಗೆ ಮಂಗಳೂರಿನ ಹಳೇ ಬಂದರಿನಲ್ಲಿ ಇನ್ನೊಂದು ಹಂಚಿನ ಗೋದಾಮು ಕೆಡವುತ್ತಿದ್ದರು. ಅಪ್ಪ ಅಲ್ಲೇ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದದ್ದು, ನಾನು ಆ ಓಣಿಗಳಲ್ಲೇ ಬೆಳೆದದ್ದು ನಿಮಗೆಲ್ಲ ಗೊತ್ತೇ ಇದೆ. ಜೆಸಿಬಿ ಹತ್ತಿರ ನಿಂತವರನ್ನು ಯಾಕೆ ಅಂತ ಕೇಳಿದೆ. "ಹಳೇದು ಮೇಡಂ, ಇದರಲ್ಲಿ ಎಂಥ ಉಂಟು?" ಎಂದರು.

ಎಂಥ ಉಂಟಾ? 12ನೇ ಶತಮಾನದಲ್ಲಿ ಟ್ಯುನೀಷಿಯಾ ಕಡೆಯ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಈ ಊರಿನಲ್ಲಿ ವರ್ಷಗಟ್ಟಲೆ ಇದ್ದ. ಮೆಣಸು, ಅಡಿಕೆ, ಕಬ್ಬಿಣವನ್ನು ಯೆಮನ್‌ನ ಏಡನ್ ಬಂದರಿಗೆ ಕಳಿಸುತ್ತಿದ್ದ. ಅವನ ವ್ಯವಹಾರ ನೋಡುತ್ತಿದ್ದ ಆಳಿನ ಹೆಸರು ಬೊಮ್ಮ. ಅಶು ಎಂಬ ಹೆಣ್ಣನ್ನು ಬೆನ್ ಯಿಜು ದಾಸ್ಯದಿಂದ ಬಿಡಿಸಿದ ಪತ್ರ 1132ರಲ್ಲಿ ಮಂಗಳೂರಿನಲ್ಲೇ ಬರೆದದ್ದು. ಅವನ ಕಾಗದಗಳು ಕೈರೋದ ಹಳೆಯ ಸಿನಗಾಗ್‌ನಲ್ಲಿ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, ಉಳಿದವು. ಅಲ್ಲಿ ಲೆಕ್ಕದ ಚೀಟಿಯನ್ನೂ ಬಿಸಾಡಲಿಲ್ಲ. ನಾವು ಗೋಡೆ ಸಮೇತ ಬಿಸಾಡುತ್ತಿದ್ದೇವೆ!

14ನೇ ಶತಮಾನದಲ್ಲಿ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ ಬಂದಾಗಲೂ ಪರ್ಷಿಯಾ, ಯೆಮನ್‌ನ ವ್ಯಾಪಾರಿಗಳು ಇಲ್ಲಿ ಇಳಿಯುತ್ತಿದ್ದರು. ಬಂದರಿನ ಯಾವ ಮೂಲೆಯಲ್ಲಾದರೂ ಇದನ್ನು ಹೇಳುವ ಒಂದು ಬೋರ್ಡ್ ನನ್ನ ಕಣ್ಣಿಗೆ ಬಿದ್ದಿಲ್ಲ.

ಇನ್ನು ಹಂಚಿನ ವಿಷಯ. 1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನವರು ಇಲ್ಲಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ನೇತ್ರಾವತಿ, ಗುರುಪುರ ಹೊಳೆಗಳ ಜೇಡಿಮಣ್ಣು, ಸುಡಲು ಸೌದೆ, ಸಾಗಿಸಲು ಪಕ್ಕದಲ್ಲೇ ಬಂದರು. ಮಂಗಳೂರು ಹಂಚು ಕಡಲು ದಾಟಿತು. ಅದೇ ಹಂಚು ಇವತ್ತು ನನ್ನ ಕಣ್ಣೆದುರು ಪುಡಿಯಾಯಿತು. ಕೋಪ ಬಂತು ಅಂತ ಬರೆಯಲು ಕೂತೆ. ನಿಜ ಹೇಳಬೇಕೆಂದರೆ ಅಲ್ಲಿ ಅಳು ಬಂದಿತ್ತು ಮಾರಾಯ್ರೇ.

ಪಣಂಬೂರಿನಲ್ಲಿ ಹೊಸ ಬಂದರು ಬಂದು 50 ವರ್ಷವಾಯಿತು, ಹಳೇದು ಯಾಕೆ ಅಂತ ಕೆಲವರು ಕೇಳುತ್ತಾರೆ. ಲಕ್ಷದ್ವೀಪಕ್ಕೆ ಸಾಮಾನು ಹೋಗುವುದು ಇವತ್ತಿಗೂ ಈ ಹಳೇ ಬಂದರಿನಿಂದಲೇ. ದೋಣಿಗಳು ನಿಲ್ಲುವ ಧಕ್ಕೆಯಲ್ಲಿ ಬೆಳಗಾಗುವ ಮೊದಲೇ ಮೀನಿನ ಹರಾಜು ಶುರುವಾಗುತ್ತದೆ. ಇದು ಸತ್ತ ಜಾಗ ಅಲ್ಲವೇ ಅಲ್ಲ. ರಿಪೇರಿ ಖರ್ಚು ಜಾಸ್ತಿ ಎನ್ನುವುದು ಒಪ್ಪುವ ಮಾತು. ಹಾಗಾದರೆ ತೆರಿಗೆ ಬಿಡಿ, ಸಾಲ ಕೊಡಿ. ಕೆಡವಲು ಸಿಗುವ ಪರ್ಮಿಷನ್ ಉಳಿಸಲು ಯಾಕೆ ಸಿಗುವುದಿಲ್ಲ?

ಸುಮ್ನೆ ಮ್ಯೂಸಿಯಂ ಮಾಡಿ ಬೀಗ ಹಾಕಿ ಎನ್ನುತ್ತಿಲ್ಲ. ಅಡಿಕೆ ಇರಲಿ, ಒಣಮೀನು ಇರಲಿ, ಲಾರಿ ಬರಲಿ. ಹಂಚಿನ ಮಾಡು, ಗೋಡೆ ಮಾತ್ರ ಉಳಿಸಿ. ಉಳಿದ ಗೋದಾಮುಗಳ ಪಟ್ಟಿ ಮಾಡಿ ಪಾಲಿಕೆಗೆ ಕೊಡುತ್ತೇನೆ. ಬಂದರಿನಲ್ಲಿ ಮನೆ, ಮಂಡಿ ಇರುವವರು ಹಳೇ ಫೋಟೋ ಕಳಿಸಿ.